ಅಗ್ಗದ ಟಿವಿ, ಪಕ್ಕಾ ಬಿಲ್ಲು

ಮಾಕಣಿಯಂಥ ಗಡಿಯೂರಿನಲ್ಲಿ ರಾತ್ರಿ ವಿದ್ಯುತ್ತು ಹೋಯಿತೆಂದರೆ ದೂರದರ್ಶನ ಚಂದನದ ‘ಥಟ್ ಅಂತ ಹೇಳಿ’ ತಪ್ಪಿತೆಂದೇ ಲೆಕ್ಕ. 2002ರಿಂದ ನಡೆದುಬಂದ ಆ ರಸಪ್ರಶ್ನೆಯ ಸಂಚಿಕೆಗಳು ಯೂಟ್ಯೂಬಿನಲ್ಲಿ ದೊರೆಯುತ್ತವೆ. ಸುತ್ತೆಲ್ಲ ಮರಾಠಿ ಕೇಳಿಬರುವಲ್ಲಿ, ಕನ್ನಡ ಶಾಲೆಯ ಮಗುವಿನ ಕಿವಿಗೆ ಒಳ್ಳೆಯ ಕನ್ನಡ ಬೀಳಲು ಅದೂ ಒಂದು ದಾರಿ.

ಅದಕ್ಕೆಂದೇ ಸ್ಮಾರ್ಟ್ ಟಿವಿ ಕೊಳ್ಳಹೊರಟ ಪಾಲಕರು ಪರದೆಯ ಅಳತೆಗೆ ಮರುಳಾಗುವುದುಂಟು. ಸಣ್ಣ ಮನೆಗೆ 32 ಇಂಚು ಧಾರಾಳವಾಯಿತು. ಪರೀಕ್ಷಿಸಬೇಕಾದದ್ದು ಒಳಗಿನ ತಂತ್ರಾಂಶವನ್ನು. ‘ಆಂಡ್ರಾಯ್ಡ್’ ಎಂದಷ್ಟೇ ಬರೆದ ಅಗ್ಗದ ಟಿವಿಗಳಲ್ಲಿ ಕೆಲವಕ್ಕೆ ಗೂಗಲ್‌ನ ಮಾನ್ಯತೆಯೇ ಇರುವುದಿಲ್ಲ; ಅಂಥವುಗಳಲ್ಲಿ ಆ್ಯಪ್‌ಗಳು ಹೊಸತಾಗದೆ ಕ್ರಮೇಣ ನಿಂತುಹೋಗುತ್ತವೆ. ಅಂಗಡಿಯಲ್ಲೇ ಮೊಬೈಲಿನ ಹಾಟ್‌ಸ್ಪಾಟ್ ಜೋಡಿಸಿ, ಹಳೆಯ ಸಂಚಿಕೆಯೊಂದನ್ನು ಓಡಿಸಿ ನೋಡಿದ ಮೇಲೆ ಹಣ ಕೊಡುವುದು ಲೇಸು. ಇದ್ದ ಟಿವಿಗೆ ಎಚ್‌ಡಿಎಂಐ ಕಿಂಡಿಯಿದ್ದರೆ ಹೊಸದರ ಮಾತೇ ಬೇಡ, ಸ್ಟ್ರೀಮಿಂಗ್ ಸ್ಟಿಕ್ ಸಾಕು.

ಕಚ್ಚಾ ಚೀಟಿಯಲ್ಲಿ ಐನೂರು ಉಳಿಸಿದವರು ವಾರಂಟಿಗಾಗಿ ಅಲೆಯುತ್ತಾರೆ. ಜಿಎಸ್‌ಟಿಯ ಪಕ್ಕಾ ಬಿಲ್ಲಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 34ನೆಯ ಕಲಮಿನಂತೆ, ಆನ್‌ಲೈನ್‌ನಲ್ಲಿ ಮಾರಿದ ಮುಂಬಯಿಯ ವ್ಯಾಪಾರಿಯ ಮೇಲೂ ತಮ್ಮ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಂಡ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಅದಕ್ಕೆ ಶುಲ್ಕವೂ ಇಲ್ಲ.