ಶಿಖರಕ್ಕೆ ಪರವಾನಗಿ: ತಪ್ಪಲಿನವರ ಮಾತಿಗೆ ಸ್ಥಳವೆಲ್ಲಿ?

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಯು ವಾರಾಂತ್ಯದೊಂದಿಗೆ ಕೂಡಿಬಂದಾಗ ಕುಮಾರ ಪರ್ವತದ ತಪ್ಪಲಿನಲ್ಲಿ ಸಾವಿರಾರು ಚಾರಣಿಗರು ಸೇರಿದರು. ಕಾಡಿನ ಕಿರುದಾರಿಯಲ್ಲಿ ಜಾತ್ರೆಯ ಸಾಲಿನಂತೆ ಜನ ನಿಂತ ದೃಶ್ಯಗಳು ನಾಡಿನೆಲ್ಲೆಡೆ ಹರಡಿದವು. ಕೆಲವೇ ದಿನಗಳಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಆನ್‌ಲೈನ್ ನೋಂದಣಿಯ ವ್ಯವಸ್ಥೆಯಿಲ್ಲದ ಪಥಗಳಲ್ಲಿ ಚಾರಣವನ್ನು ತಡೆಹಿಡಿಯಲು ಸೂಚಿಸಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಜಾಲತಾಣದ ಮೂಲಕ ಹೊಸ ವ್ಯವಸ್ಥೆ ಬಂದಿತು. ಒಂದು ಪಥಕ್ಕೆ ದಿನಕ್ಕೆ 300 ಮಂದಿ ಎಂಬ ಮಿತಿ ಗೊತ್ತಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಚಿಕ್ಕಮಗಳೂರು ಜಿಲ್ಲಾಡಳಿತವು ಮುಳ್ಳಯ್ಯನಗಿರಿಗೆ ಹೋಗುವ ವಾಹನಗಳಿಗೂ ಮುಂಗಡ ನೋಂದಣಿಯನ್ನು ತಂದಿತು.

ಮಿತಿ ಬಂದದ್ದು ಸ್ವಾಗತಾರ್ಹ. ಮಿತಿಯೇ ಇಲ್ಲದಿದ್ದ ಕಾಲಕ್ಕಿಂತ ಇದು ಮೇಲು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಶಿಖರದ ಪರವಾನಗಿಯು ಸಿನಿಮಾ ಮಂದಿರದ ಟಿಕೇಟಿನಂತಾಗಬಾರದು. ಎಷ್ಟು ಆಸನಗಳಿವೆಯೋ ಅಷ್ಟು ಚೀಟಿಗಳನ್ನು ಹರಿದುಕೊಟ್ಟರೆ ಮಂದಿರದ ಕೆಲಸ ಮುಗಿಯಿತು. ಬೆಟ್ಟದಲ್ಲಿ ಆಸನಗಳಿಲ್ಲ, ಅಲ್ಲಿರುವುದು ಮಣ್ಣು, ಹುಲ್ಲು, ನೀರು ಮತ್ತು ಅವುಗಳನ್ನು ನಂಬಿ ಬದುಕುವ ಜೀವಗಳು. 300 ಎಂಬ ಸಂಖ್ಯೆ ಯಾವ ಅಳತೆಯಿಂದ ಬಂದಿತು, ಅದನ್ನು ಗೊತ್ತುಮಾಡುವಾಗ ತಪ್ಪಲಿನ ಊರುಗಳ ಮಾತಿಗೆ ಎಷ್ಟು ಬೆಲೆ ಸಿಕ್ಕಿತು ಎಂಬ ಪ್ರಶ್ನೆಗಳನ್ನು ಈಗಲಾದರೂ ಎತ್ತಬೇಕಾಗಿದೆ.

ಕಾಯ್ದೆಯ ಮಾತನ್ನು ಮೊದಲು ತಿಳಿಯುವುದು ಒಳ್ಳೆಯದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೆಯ ಮತ್ತು 28ನೆಯ ಕಲಮುಗಳು ಅಭಯಾರಣ್ಯಗಳ ಪ್ರವೇಶವನ್ನು ನಿಯಂತ್ರಿಸುತ್ತವೆ. 35ನೆಯ ಕಲಮಿನ ಮೂಲಕ ಅವು ರಾಷ್ಟ್ರೀಯ ಉದ್ಯಾನಗಳಿಗೂ ಅನ್ವಯಿಸುತ್ತವೆ. ವನ್ಯಜೀವಿಗಳ ಅಧ್ಯಯನ, ಛಾಯಾಗ್ರಹಣ, ವೈಜ್ಞಾನಿಕ ಸಂಶೋಧನೆ, ಪ್ರವಾಸ, ಒಳಗೆ ವಾಸಿಸುವವರೊಡನೆ ನ್ಯಾಯಸಮ್ಮತ ವ್ಯವಹಾರ ಎಂಬ ಉದ್ದೇಶಗಳಿಗೆ ಪರವಾನಗಿ ಕೊಡಬಹುದೆಂದು ಕಾಯ್ದೆ ಹೇಳುತ್ತದೆ. ಕೊಡಬಹುದು ಎಂದಿದೆಯೇ ಹೊರತು ಕೊಡಲೇಬೇಕು ಎಂದಿಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನವಾಗಲಿ, ಕುಮಾರ ಪರ್ವತವನ್ನೊಳಗೊಂಡ ಪುಷ್ಪಗಿರಿ ಅಭಯಾರಣ್ಯವಾಗಲಿ ಮೊದಲಿಗೆ ಕಾಡು. ಪ್ರವಾಸಕ್ಕೆ ಅಲ್ಲಿ ದೊರೆಯುವ ಅವಕಾಶವು ಷರತ್ತಿಗೆ ಒಳಪಟ್ಟದ್ದು. ಪರವಾನಗಿಯೆಂಬುದು ಹಕ್ಕುಪತ್ರವಲ್ಲ, ಕಾಡಿಗೆ ಕೊಟ್ಟ ಮಾತು.

ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯ ರೈತರಿಗೆ ಕುದುರೆಮುಖದ ಪರವಾನಗಿಯೊಡನೆ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧವು ನದಿಯ ಮೂಲಕ ಬರುತ್ತದೆ. ಕುದುರೆಮುಖ ಶ್ರೇಣಿಯ ವರಾಹ ಪರ್ವತದಲ್ಲಿರುವ ಗಂಗಾಮೂಲ ತುಂಗೆ ಮತ್ತು ಭದ್ರೆಯರ ಉಗಮಸ್ಥಾನ. ತುಂಗೆ ಶೃಂಗೇರಿ, ತೀರ್ಥಹಳ್ಳಿಗಳನ್ನು ಹಾದು, ಭದ್ರೆ ಕಳಸ, ಬಾಳೆಹೊನ್ನೂರುಗಳನ್ನು ಹಾದು ಕೂಡ್ಲಿಯಲ್ಲಿ ಒಂದಾಗುತ್ತಾರೆ. ಅಲ್ಲಿಂದ ಮುಂದೆ ತುಂಗಭದ್ರೆಯಾಗಿ ಹರಿಯುವ ನೀರು ಹೊನ್ನಾಳಿ ಸೀಮೆಯ ಗದ್ದೆ ತೋಟಗಳಿಗೆ ಆಧಾರ. ಈ ನದಿಯ ನೀರನ್ನು ಮೇಲೆತ್ತಿ ಕೆರೆಗಳನ್ನು ತುಂಬಿಸುವ ಏತ ನೀರಾವರಿ ಯೋಜನೆಗೆ ಸಾಸ್ವೆಹಳ್ಳಿಯ ಹೆಸರೇ ಇದೆ. ಚನ್ನಗಿರಿ, ಹೊನ್ನಾಳಿಗಳ ಬಹುಪಾಲು ಗದ್ದೆಗಳಿಗೆ ಭದ್ರಾ ನಾಲೆಯೇ ಗತಿ. 2023ರ ಬರದಲ್ಲಿ ಭದ್ರೆಯ ನೀರಿಗಾಗಿ ದಾವಣಗೆರೆ ಜಿಲ್ಲೆಯ ರೈತರು ಬೀದಿಗಿಳಿದುದನ್ನು ಯಾರೂ ಮರೆತಿಲ್ಲ.

ಆ ಬರಕ್ಕೆ ಕಾರಣ ಮಳೆಯ ಕೊರತೆ. ಚಾರಣಿಗರ ಮೇಲೆ ಆ ದೋಷವನ್ನು ಹೊರಿಸುವುದು ಅನ್ಯಾಯವಾಗುತ್ತದೆ. ಆದರೆ ಬಿದ್ದ ಮಳೆಯನ್ನು ಹಿಡಿದಿಟ್ಟುಕೊಂಡು ತಿಂಗಳುಗಳ ಕಾಲ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುವ ಕೆಲಸವನ್ನು ನದಿಮೂಲದ ಶೋಲಾ ಕಾಡುಗಳೂ ಹುಲ್ಲುಗಾವಲುಗಳೂ ಮಾಡುತ್ತವೆ. ಶೋಲಾದ ತರಗೆಲೆಯ ಹಾಸು, ಹುಲ್ಲಿನ ಹೆಣೆದುಕೊಂಡ ಬೇರು, ಅದರ ಕೆಳಗಿನ ಕಪ್ಪು ಮಣ್ಣು ಸೇರಿ ಬೆಟ್ಟದ ತಲೆಯು ಸ್ಪಂಜಿನಂತೆ ವರ್ತಿಸುತ್ತದೆ. ಬೇಸಿಗೆಯಲ್ಲಿ ಹಳ್ಳದಲ್ಲಿ ಉಳಿಯುವ ತೆಳುವಾದ ಹರಿವು ಹೀಗೆ ಇಂಗಿದ ನೀರು. ಇಂಗುವ ಜಾಗ ಕೆಟ್ಟರೆ ಮಳೆಗಾಲದ ನೀರು ಕೆಂಪಾಗಿ ಒಮ್ಮೆಗೇ ಇಳಿಯುತ್ತದೆ, ಬೇಸಿಗೆಯ ನೀರು ಬೇಗನೆ ಬತ್ತುತ್ತದೆ.

ಕಾಲುದಾರಿಯೊಂದು ಕೆಡುವ ಬಗೆಯನ್ನು ಮಲೆನಾಡಿನಲ್ಲಿ ಯಾರೂ ಕಣ್ಣಾರೆ ನೋಡಬಹುದು. ಮೊದಲು ಹುಲ್ಲು ಸಾಯುತ್ತದೆ. ತುಳಿತಕ್ಕೆ ಸಿಕ್ಕಿದ ಮಣ್ಣಿನ ರಂಧ್ರಗಳು ಮುಚ್ಚಿ ಅದು ಗಟ್ಟಿಯಾಗುತ್ತದೆ. ಇಂಗಲಾರದ ನೀರು ದಾರಿಯನ್ನೇ ಕಾಲುವೆ ಮಾಡಿಕೊಂಡು ಇಳಿಯುತ್ತದೆ. ವರ್ಷ ಕಳೆದಂತೆ ದಾರಿಯು ಕೊರಕಲಾಗುತ್ತದೆ. ಕೊರಕಲಿನಲ್ಲಿ ಜಾರುವುದೆಂದು ಜನರು ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ, ಅಲ್ಲಿ ಎರಡನೆಯ ದಾರಿ ಹುಟ್ಟುತ್ತದೆ. ಹಸಿ ಮಣ್ಣಿನಲ್ಲಿ ಈ ಕೆಲಸ ಇನ್ನೂ ಬೇಗ ನಡೆಯುತ್ತದೆ. ಹದ ಮೀರಿದ ತೇವದಲ್ಲಿ ಹೊಲಕ್ಕೆ ಎತ್ತು ಇಳಿಸಬಾರದೆಂಬುದು ಪ್ರತಿಯೊಬ್ಬ ರೈತನಿಗೂ ಗೊತ್ತು. ಕುದುರೆಮುಖ ಮತ್ತು ನೇತ್ರಾವತಿ ಶಿಖರಗಳಿಗೆ ಮಂಜು, ಹಸಿರು ನೋಡಲೆಂದು ಜನ ಹೆಚ್ಚಾಗಿ ಬರುವುದು ಅಂತಹ ಮಳೆಯ ತಿಂಗಳುಗಳಲ್ಲಿಯೇ.

ಹೀಗಿರುವಾಗ ಎಲ್ಲ ಬೆಟ್ಟಕ್ಕೂ ಎಲ್ಲ ಋತುವಿಗೂ ಒಂದೇ ಸಂಖ್ಯೆಯೆಂಬುದು ಹೇಗೆ ಸರಿಯಾದೀತು? ಕಲ್ಲಿನ ದಾರಿ ತಾಳುವ ತುಳಿತವನ್ನು ಹುಲ್ಲಿನ ಇಳಿಜಾರು ತಾಳಲಾರದು. ಡಿಸೆಂಬರಿನ ಒಣ ನೆಲ ತಾಳುವುದನ್ನು ಜುಲೈನ ಕೆಸರು ತಾಳಲಾರದು. ಗೋಮಾಳಕ್ಕೆ ಎಷ್ಟು ದನ ಬಿಡಬೇಕೆಂಬುದನ್ನು ಊರಿನ ಹಿರಿಯರು ಮೇವು ನೋಡಿ ಹೇಳುತ್ತಿದ್ದರು, ಎಲ್ಲ ಊರಿಗೂ ಒಂದೇ ಲೆಕ್ಕವನ್ನು ಕಟ್ಟುತ್ತಿರಲಿಲ್ಲ. ಬೆಟ್ಟದ ಧಾರಣಶಕ್ತಿಯೂ ಹಾಗೆಯೇ ಪಥಪಥಕ್ಕೆ, ತಿಂಗಳುತಿಂಗಳಿಗೆ ಬೇರೆಯಾಗಬೇಕು.

ಇನ್ನೊಂದು ಮಾತು ನ್ಯಾಯಕ್ಕೆ ಸಂಬಂಧಿಸಿದ್ದು. ನಗರದ ಚಾರಣಿಗನಿಗೆ ಕುದುರೆಮುಖದ ಪರವಾನಗಿಯು ಮೊಬೈಲಿನಲ್ಲಿ ಕೆಲವು ನಿಮಿಷಗಳಲ್ಲಿ ದೊರೆಯುತ್ತದೆ. ಅದೇ ಉದ್ಯಾನದ ಒಳಗೂ ಅಂಚಿನಲ್ಲೂ ತಲೆಮಾರುಗಳಿಂದ ಬದುಕಿರುವ ಮಲೆಕುಡಿಯರೂ ಇತರ ಕೃಷಿಕರೂ ದಾರಿ ದುರಸ್ತಿಗೆ, ವಿದ್ಯುತ್ ತಂತಿಗೆ, ಕಾಲುಸಂಕಕ್ಕೆ ಅನುಮತಿಯನ್ನು ಕೇಳುತ್ತ ವರ್ಷಗಟ್ಟಲೆ ಕಾಯುತ್ತಾರೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೆಯ ಕಲಮು ಶಾಲೆ, ರಸ್ತೆ, ಕುಡಿಯುವ ನೀರು, ವಿದ್ಯುತ್ ಮೊದಲಾದ 13 ಬಗೆಯ ಸೌಕರ್ಯಗಳಿಗೆ, ಗ್ರಾಮಸಭೆಯ ಶಿಫಾರಸಿನ ಮೇಲೆ, ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿಯನ್ನು ಬಳಸಲು ಅವಕಾಶ ಕೊಟ್ಟಿದೆ. ನೋಡಿಹೋಗುವವರಿಗೆ ಬಾಗಿಲು ಬೇಗ ತೆರೆದು, ಅಲ್ಲಿಯೇ ಬಾಳುವವರಿಗೆ ತಡವಾಗಿ ತೆರೆಯುವ ವ್ಯವಸ್ಥೆಯನ್ನು ಸಂರಕ್ಷಣೆಯೆಂದು ಕರೆಯುವುದು ಕಷ್ಟ. ಅಂತಹ ವ್ಯವಸ್ಥೆಯಲ್ಲಿ ಕಾಡನ್ನು ಕಾಯುವ ಮನಸ್ಸು ತಪ್ಪಲಿನವರಲ್ಲಿ ಉಳಿಯುವುದೂ ಕಷ್ಟ.

ಹಿಮಾಲಯದ ಅನುಭವ ಇಲ್ಲಿ ಪಾಠವಾಗಬಲ್ಲದು. ಉತ್ತರಾಖಂಡದ 7,816 ಮೀಟರ್ ಎತ್ತರದ ನಂದಾದೇವಿಯ ಒಳಕಣಿವೆಯನ್ನು 1974ರಲ್ಲಿ ಆರೋಹಿಗಳಿಗೆ ತೆರೆಯಲಾಯಿತು. ಯಾತ್ರೆಗಳು ಹೆಚ್ಚಿ ಕಸ ಬಿದ್ದಿತು, ಉರುವಲಿಗೆ ಗಿಡಗಳು ಹೋದವು. 1980ರ ದಶಕದ ಆರಂಭದಲ್ಲಿ ಸರ್ಕಾರವು ಆ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿ ಪೂರ್ತಿಯಾಗಿ ಮುಚ್ಚಿತು. ಆರೋಹಿಗಳೊಂದಿಗೆ ಸ್ಥಳೀಯರಿಗೂ ಬಾಗಿಲು ಮುಚ್ಚಿತು. ಲಾತಾ, ರೇಣಿ ಗ್ರಾಮಗಳ ಜನರು ಕುರಿ ಮೇಯಿಸುವ ಹುಲ್ಲುಗಾವಲನ್ನೂ, ಹೊರೆ ಹೊರುವ, ದಾರಿ ತೋರುವ ದುಡಿಮೆಯನ್ನೂ ಕಳೆದುಕೊಂಡರು. 1974ರಲ್ಲಿ ಮರಗಳನ್ನಪ್ಪಿ ಕಾಡನ್ನುಳಿಸಿದ ಚಿಪ್ಕೊ ಚಳವಳಿಯ ಊರು ಇದೇ ರೇಣಿ. ಕಾಡನ್ನು ಉಳಿಸಿದವರೇ ಕಾಡಿನಿಂದ ಹೊರಗುಳಿದರು. 1998ರಲ್ಲಿ ಗ್ರಾಮಸ್ಥರು ನಿಷೇಧವನ್ನು ಮೀರಿ ಉದ್ಯಾನವನ್ನು ಪ್ರವೇಶಿಸಿ ಪ್ರತಿಭಟಿಸಿದರು. 2001ರಲ್ಲಿ ಲಾತಾದ ಜನರು ಸಭೆ ಸೇರಿ, ಪ್ರವಾಸವು ಸ್ಥಳೀಯರ ನಿಯಂತ್ರಣದಲ್ಲಿರಬೇಕು, ಕಾಡಿಗೆ ಹಾನಿಯಾಗಬಾರದು ಎಂಬ ಘೋಷಣೆಯನ್ನು ಅಂಗೀಕರಿಸಿದರು. 2003ರಲ್ಲಿ ಉದ್ಯಾನದ ಸಣ್ಣ ಭಾಗವೊಂದು ಮಿತವಾದ ಚಾರಣಕ್ಕೆ ತೆರೆಯಿತು.

ಚಿಪ್ಕೊದ ಪ್ರೇರಣೆಯಿಂದ 1983ರಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಅಪ್ಪಿಕೊ ಹುಟ್ಟಿದ ಈ ನಾಡಿಗೆ ಲಾತಾದ ಮಾತು ಪರಕೀಯವಲ್ಲ. ಎಲ್ಲರಿಗೂ ತೆರೆದರೆ ಬೆಟ್ಟ ಕೆಡುತ್ತದೆ, ಎಲ್ಲರಿಗೂ ಮುಚ್ಚಿದರೆ ತಪ್ಪಲಿನವರ ಬದುಕು ಕೆಡುತ್ತದೆ. ನಡುವಿನ ದಾರಿಯನ್ನು ತಪ್ಪಲಿನವರ ಜೊತೆ ಕುಳಿತೇ ಹುಡುಕಬೇಕು.

ಶುಲ್ಕವನ್ನು ಏರಿಸಿದರೆ ಸಾಕೆಂಬ ವಾದವೂ ಇದೆ. ನೇಪಾಳವು ಎವರೆಸ್ಟ್ ಆರೋಹಣದ ಶುಲ್ಕವನ್ನು 2025ರ ಸೆಪ್ಟೆಂಬರ್‌ನಿಂದ 11,000 ಡಾಲರ್‌ಗಳಿಂದ 15,000 ಡಾಲರ್‌ಗಳಿಗೆ ಏರಿಸಿತು. ಶುಲ್ಕವೊಂದೇ ಮಿತಿಯಾದರೆ ಹಣವುಳ್ಳವರು ಬರುತ್ತಲೇ ಇರುತ್ತಾರೆ, ಹೊರಗುಳಿಯುವವರು ಬಡ ವಿದ್ಯಾರ್ಥಿಗಳು ಮಾತ್ರ. ಹಣವಿಲ್ಲದೆ ಮಾತಿನಿಂದಲೇ ನಿಂತ ಮಿತಿಗೆ ಕಾಂಚನಜುಂಗಾ ಉದಾಹರಣೆ. 1955ರಲ್ಲಿ ಅದನ್ನು ಮೊದಲು ಏರಿದ ಬ್ರಿಟಿಷ್ ತಂಡದವರು, ಪರ್ವತವನ್ನು ಪವಿತ್ರವೆಂದು ಕಾಣುವ ಸಿಕ್ಕಿಂ ಜನರಿಗೆ ಕೊಟ್ಟ ಮಾತಿನಂತೆ, ತುದಿಯನ್ನು ತುಳಿಯದೆ ಕೆಲವು ಅಡಿಗಳ ಕೆಳಗೇ ನಿಂತು ಹಿಂದಿರುಗಿದರು. ನಂತರ ಬಂದ ಅನೇಕ ತಂಡಗಳೂ ಆ ಸಂಪ್ರದಾಯವನ್ನು ಪಾಲಿಸಿದವು.

ಮಲೆನಾಡಿಗೂ ಇಂತಹ ವಿವೇಕ ಹೊಸದಲ್ಲ. ಚಿಕ್ಕಮಗಳೂರಿನ ಬಿಂಡಿಗದ ದೇವೀರಮ್ಮನ ಬೆಟ್ಟವನ್ನು ಭಕ್ತರು ವರ್ಷಕ್ಕೊಮ್ಮೆ ದೀಪಾವಳಿಯ ಹೊತ್ತಿನಲ್ಲಿ ಏರುತ್ತಾರೆ. ಆಗ ಸೇರುವ ಜನಸಂದಣಿ ದೊಡ್ಡದೇ. ಅದರ ಸುರಕ್ಷತೆಯ ಪ್ರಶ್ನೆಗಳೂ ಇವೆ. ಆದರೆ ಉಳಿದ ಕಾಲ ಬೆಟ್ಟಕ್ಕೆ ವಿಶ್ರಾಂತಿ. ಕೊಡಗಿನ ದೇವರಕಾಡುಗಳಲ್ಲಿಯೂ ಪ್ರವೇಶಕ್ಕೆ, ಬಳಕೆಗೆ ಕಟ್ಟುಪಾಡುಗಳಿದ್ದವು. ನೆಲಕ್ಕೆ ಬಿಡುವು ಬೇಕೆಂಬ ಕೃಷಿಕನ ತಿಳಿವಳಿಕೆಯೇ ಇಲ್ಲಿ ನಂಬಿಕೆಯ ರೂಪವನ್ನು ತಾಳಿದೆ. ಆಧುನಿಕ ಪರವಾನಗಿಯು ಇದರಿಂದ ಕಲಿಯಬೇಕಾದುದಿದೆ.

ಆಗಬೇಕಾದ ಕೆಲಸಗಳು ಅಸಾಧ್ಯವಾದವುಗಳಲ್ಲ. ಮೊದಲನೆಯದಾಗಿ, ಪ್ರತಿಯೊಂದು ಪಥದ ಮಣ್ಣು, ಇಳಿಜಾರು, ಮಳೆ ಮತ್ತು ವನ್ಯಜೀವಿಗಳ ಸಂಚಾರವನ್ನು ನೋಡಿ ಸಂಖ್ಯೆಯನ್ನು ಗೊತ್ತುಮಾಡಬೇಕು. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯದಿಂದ ಪಥಗಳನ್ನು ಮುಚ್ಚುವಂತೆ, ಅತಿ ಮಳೆಯ ವಾರಗಳಲ್ಲಿ ಹುಲ್ಲಿನ ಇಳಿಜಾರುಗಳನ್ನೂ ಮುಚ್ಚಬೇಕು. ಕೊರಕಲು ಬಿದ್ದ ಪಥಕ್ಕೆ ಒಂದೆರಡು ವರ್ಷ ಬಿಡುವು ಕೊಟ್ಟು, ನೀರು ಅಡ್ಡಕ್ಕೆ ಹರಿದುಹೋಗುವಂತೆ ಕಲ್ಲಿನ ಕಟ್ಟೆಗಳನ್ನು ಹಾಕಬೇಕು. ಎರಡನೆಯದಾಗಿ, ವಸೂಲಾದ ಶುಲ್ಕವೆಷ್ಟು, ಅದರಲ್ಲಿ ಆ ಬೆಟ್ಟಕ್ಕೆ ಖರ್ಚಾದುದೆಷ್ಟು ಎಂಬ ಲೆಕ್ಕವನ್ನು ಪ್ರತಿವರ್ಷ ತಪ್ಪಲಿನ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಪ್ರಕಟಿಸಬೇಕು. ಮೂರನೆಯದಾಗಿ, ಮಾರ್ಗದರ್ಶಿಗಳ ಕೆಲಸದಲ್ಲಿ ಸ್ಥಳೀಯ ಯುವಕ ಯುವತಿಯರಿಗೆ ಆದ್ಯತೆ ಸಿಗಬೇಕು. ದಿನದ ಪರವಾನಗಿಗಳಲ್ಲಿ ಒಂದು ಪಾಲನ್ನು ಸರ್ಕಾರಿ ಶಾಲಾ ಕಾಲೇಜುಗಳ ವಿದ್ಯಾರ್ಥಿಗಳಿಗೆ ಶುಲ್ಕವಿಲ್ಲದೆ ಮೀಸಲಿಡಬೇಕು. ತನ್ನ ಹೊಲಕ್ಕೆ ಬರುವ ನೀರು ಹುಟ್ಟುವ ಜಾಗವನ್ನು ಸಾಸ್ವೆಹಳ್ಳಿಯ ವಿದ್ಯಾರ್ಥಿನಿಯೊಬ್ಬಳು ನೋಡುವುದು ಯಾವ ವಾರಾಂತ್ಯದ ವಿಹಾರಕ್ಕಿಂತಲೂ ಮುಖ್ಯ.

ಇವೆಲ್ಲಕ್ಕೂ ಕಾನೂನಿನ ಆಸರೆ ಇದೆ. ಅರಣ್ಯ ಹಕ್ಕು ಕಾಯ್ದೆಯ 5ನೆಯ ಕಲಮು ವನ್ಯಜೀವಿ, ಕಾಡು, ಜೀವವೈವಿಧ್ಯಗಳನ್ನು ರಕ್ಷಿಸುವ, ಜಲಾನಯನ ಪ್ರದೇಶಗಳೂ ನೀರಿನ ಮೂಲಗಳೂ ಸಂರಕ್ಷಿತವಾಗಿರುವಂತೆ ನೋಡಿಕೊಳ್ಳುವ ಅಧಿಕಾರವನ್ನು ಹಕ್ಕುದಾರರಿಗೂ ಗ್ರಾಮಸಭೆಗೂ ಕೊಟ್ಟಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಕಪಾಟಿನಲ್ಲಿರುವ ಆ ಪುಸ್ತಕವನ್ನು ತೆಗೆದು, ತಮ್ಮ ಬೆಟ್ಟದ ದಾರಿಗಳು ಎಲ್ಲಿ ಕೊರೆದಿವೆ, ಯಾವ ಒರತೆ ಯಾವ ತಿಂಗಳಲ್ಲಿ ಬತ್ತುತ್ತದೆ ಎಂಬುದನ್ನು ವರ್ಷ ವರ್ಷವೂ ಬರೆಯುವ ಕೆಲಸವನ್ನು ವಿದ್ಯಾರ್ಥಿಗಳು ಕೈಗೊಳ್ಳಬಹುದು. ಅಳತೆಗೆ ಒಂದು ಟೇಪು, ಒಂದು ನೋಟುಪುಸ್ತಕ ಸಾಕು.

ಕುದುರೆಮುಖದ ಗಣಿಗಾರಿಕೆ 2005ರ ಕೊನೆಯಲ್ಲಿ ನಿಂತಿತು. ಸುಪ್ರೀಂ ಕೋರ್ಟಿನ 2002ರ ತೀರ್ಪಿನ ಹಿಂದೆ ನದಿಯ ಕೆಂಪು ನೀರನ್ನು ಕಂಡು ದನಿಯೆತ್ತಿದ ಜನರ ವರ್ಷಗಳ ಹೋರಾಟವಿತ್ತು. ಗಣಿಯ ಯಂತ್ರಕ್ಕೂ ಚಾರಣಿಗನ ಹೆಜ್ಜೆಗೂ ಹೋಲಿಕೆಯಿಲ್ಲ. ಬೆಟ್ಟವನ್ನು ಪ್ರೀತಿಸಿ ಬರುವವನು ಬೆಟ್ಟದ ಮಿತ್ರನಾಗಬಲ್ಲನು. ಆದರೆ ಅಂದು ದನಿಯೆತ್ತಿದ ಊರುಗಳೇ ಇಂದಿನ ಪರವಾನಗಿಯ ನಿಯಮಗಳನ್ನು ದೂರದಿಂದ ಓದಿ ತಿಳಿಯುವ ಸ್ಥಿತಿಯಲ್ಲಿರಬಾರದು. ಮುಂದಿನ ಗ್ರಾಮಸಭೆಯ ಕಾರ್ಯಸೂಚಿಯಲ್ಲಿ ತಮ್ಮ ಬೆಟ್ಟದ ಚಾರಣ ಪಥವನ್ನು ಒಂದು ವಿಷಯವಾಗಿ ಸೇರಿಸಿ, ಚರ್ಚಿಸಿ, ನಿರ್ಣಯವನ್ನು ಬರೆದು ಅರಣ್ಯ ಇಲಾಖೆಗೆ ಕಳುಹಿಸಲು ಯಾರ ಅನುಮತಿಯೂ ಬೇಕಾಗಿಲ್ಲ. ನದಿಯ ಕೆಳಗಿನ ಪಂಚಾಯಿತಿಗಳೂ, ಹೊನ್ನಾಳಿ, ಚನ್ನಗಿರಿ, ನ್ಯಾಮತಿಗಳ ರೈತ ಸಂಘಗಳೂ ಅಂತಹ ನಿರ್ಣಯಕ್ಕೆ ಬೆಂಬಲದ ಪತ್ರವನ್ನು ಬರೆಯಲಿ. ಮುಂದಿನ ಮಳೆಗಾಲದ ನೋಂದಣಿ ಆರಂಭವಾಗುವ ಮೊದಲೇ ಈ ಕೆಲಸ ನಡೆಯಬೇಕು.