ರಾತ್ರಿಯ ಕಾಲುನೋವು: "ವಯಸ್ಸಾಯ್ತು" ಅನ್ನೋದು ಕಾಯಿಲೆಯ ಹೆಸರಲ್ಲ



ಈ ಸಲದ ಆರೋಗ್ಯದ ಮಾತು ರಾಮನಗರದಿಂದ. ನಮ್ಮ ರೇಷ್ಮೆಯ ರಾಮನಗರ ಅಲ್ಲ, ಕಾಶಿಯ ಎದುರು ದಡದಲ್ಲಿ ಕೋಟೆ ಇರುವ ರಾಮನಗರ. ನೌಕರಿಗೆಂದು ಈ ಕಡೆ ಬಂದ ಕನ್ನಡದ ಮನೆಗಳಲ್ಲಿ ಒಂದು ನಮ್ಮದು. ಮಕ್ಕಳ ಹಿಂದೆ ಅಪ್ಪ ಅಮ್ಮಂದಿರೂ ಬರುತ್ತಾರೆ. ಅವರ ಕಾಲುನೋವೂ ಜೊತೆಗೇ ಬರುತ್ತದೆ.

ನಮ್ಮ ಅತ್ತೆ ಬಂದು ಮೂರು ತಿಂಗಳಾಗಿತ್ತು. ರಾತ್ರಿ ಎರಡು ಗಂಟೆಗೆ ಹಜಾರದಲ್ಲಿ ಹೆಜ್ಜೆ ಸಪ್ಪಳ. ಕೇಳಿದರೆ "ನಿದ್ದೆ ಬರ್ಲಿಲ್ಲ, ಹಾಗೇ ಓಡಾಡ್ತಿದ್ದೆ" ಅನ್ನುತ್ತಿದ್ದರು. ಊರಿನ ನೆನಪು ಕಾಡುತ್ತಿದೆ ಎಂದುಕೊಂಡೆವು. ದೀಪಾವಳಿಗೆ ನಾದಿನಿ ಬಂದು ಅಮ್ಮನ ಪಕ್ಕ ಮಲಗಿದ ಮೇಲೆ ವಿಷಯ ಹೊರಬಿತ್ತು. ಮಲಗಿದ ಕೂಡಲೇ ಕಾಲಿನೊಳಗೆ ಇರುವೆ ಹರಿದಂತೆ, ಯಾರೋ ಎಳೆದಂತೆ ಆಗುತ್ತದೆ, ಎದ್ದು ನಡೆದರೆ ಮಾತ್ರ ಸಮಾಧಾನ. ದಿಂಬಿನ ಕೆಳಗೆ ನೋವಿನ ಮಾತ್ರೆಯ ಪಟ್ಟಿ ಇತ್ತು. ಊರಲ್ಲಿ ಮಂಡಿನೋವಿಗೆ ಶುರುವಾದದ್ದು, ಇಲ್ಲಿ ದಿನಕ್ಕೊಂದಾಗಿತ್ತು.

ರಕ್ತ ಪರೀಕ್ಷೆ ಮಾಡಿಸಿದಾಗ ದೇಹದಲ್ಲಿ ಕಬ್ಬಿಣದ ಸಂಗ್ರಹ ತೀರಾ ಕಡಿಮೆ ಇತ್ತು. ಕಬ್ಬಿಣ ಎಲ್ಲಿ ಹೋಯಿತು ಎಂದು ಹುಡುಕಿದರೆ, ಹೊಟ್ಟೆಯಲ್ಲಿ ಹುಣ್ಣು. ನೋವಿನ ಮಾತ್ರೆಯಿಂದಾದ ಹುಣ್ಣು, ಸದ್ದಿಲ್ಲದೆ ರಕ್ತ ಸೋರುತ್ತಿತ್ತು. ಅಂದರೆ ಕಾಲಿಗೆಂದು ನುಂಗುತ್ತಿದ್ದ ಮಾತ್ರೆಯೇ ಕಾಲಿನ ಕಾಟವನ್ನು ಸಾಕುತ್ತಿತ್ತು. ಮೂರು ತಿಂಗಳು ನಾವು ಯಾರೂ "ಎಲ್ಲಿ ನೋವು, ಹೇಗೆ ನೋವು" ಎಂದು ಕೇಳಿರಲಿಲ್ಲ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಇಷ್ಟೇ: ರಾತ್ರಿಯ ಕಾಲುನೋವಿಗೆ "ವಯಸ್ಸಾಯ್ತು" ಎಂಬ ಹೆಸರಿಡುವುದನ್ನು ನಿಲ್ಲಿಸಬೇಕು. ಹಾಗೆ ಹೆಸರಿಟ್ಟರೆ ಮುಂದೆ ಉಳಿಯುವುದು ನೋವಿನ ಮಾತ್ರೆಯೊಂದೇ.

*ಕಾಲುನೋವು ಒಂದೇ ಅಲ್ಲ*

1. ಸೆಳೆತ. ನಿದ್ದೆಯಲ್ಲಿದ್ದಾಗ ಮೀನಖಂಡ ತಟ್ಟನೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಕೆಲವು ನಿಮಿಷಕ್ಕೆ ಬಿಡುತ್ತದೆ, ಆದರೆ ಬೆಳಿಗ್ಗೆವರೆಗೂ ನೋವು ಉಳಿಯಬಹುದು. ಇಲ್ಲಿನ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ ಬೆವರಿ ನೀರು ಕಡಿಮೆಯಾದರೆ, ಅಥವಾ ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಜಾಸ್ತಿಯಾಗಬಹುದು.

2. ಕಾಲಿನ ಚಡಪಡಿಕೆ. ನಮ್ಮ ಅತ್ತೆಗಿದ್ದದ್ದು ಇದು. ಸಂಜೆ, ರಾತ್ರಿ ಹೆಚ್ಚು. ಅಲುಗಾಡಿಸಿದರೆ ಕಡಿಮೆ, ಸುಮ್ಮನಿದ್ದರೆ ಮತ್ತೆ ಶುರು. ಸ್ವೀಡನ್ನಿನ ವೈದ್ಯ ಎಕ್‌ಬೊಮ್ 1945ರಲ್ಲೇ ಇದನ್ನು ವಿವರವಾಗಿ ಬರೆದಿದ್ದರು. ಇದು ಮನಸ್ಸಿನ ಭ್ರಮೆ ಅಲ್ಲ.

3. ಸಕ್ಕರೆ ಕಾಯಿಲೆಯ ನರದ ತೊಂದರೆ. ಪಾದ ಉರಿ, ಜೋಮು, ಸೂಜಿ ಚುಚ್ಚಿದಂತೆ. ಹೊದಿಕೆ ತಾಗಿದರೂ ಕಿರಿಕಿರಿ.

4. ರಕ್ತನಾಳ ಕಿರಿದಾಗುವುದು. ನಡೆದರೆ ಮೀನಖಂಡ ನೋವು, ನಿಂತರೆ ಇಳಿಯುತ್ತದೆ. ಜಾಸ್ತಿಯಾದಾಗ ಮಲಗಿದರೂ ಪಾದ ನೋವು, ಮಂಚದಿಂದ ಕಾಲು ಇಳಿಬಿಟ್ಟರೆ ಹಾಯೆನಿಸುತ್ತದೆ. ಬೀಡಿ, ಸಿಗರೇಟು ಸೇದುವವರಿಗೆ ಅಪಾಯ ಹೆಚ್ಚು. ಬನಾರಸಿ ಪಾನಿನೊಳಗಿನ ಜರ್ದಾ ಕೂಡ ತಂಬಾಕೇ, ಮರೆಯಬೇಡಿ.

ನಾಲ್ಕಕ್ಕೂ ನಾಲ್ಕು ಬೇರೆ ಚಿಕಿತ್ಸೆ. ಒಂದೇ ಎಣ್ಣೆ, ಒಂದೇ ಮಾತ್ರೆ ಎಲ್ಲದಕ್ಕೂ ಹೇಗೆ ಆಗುತ್ತದೆ?

*ಭಾಷೆಯೂ ಒಂದು ತೊಡಕು*

ಊರಲ್ಲಾದರೆ ಡಾಕ್ಟರ ಮುಂದೆ "ಸೆಳೀತದೆ, ಉರೀತದೆ, ಜೋಮು ಹಿಡೀತದೆ" ಎಂದು ಬಿಡಿಸಿ ಹೇಳುತ್ತೇವೆ. ಇಲ್ಲಿ ನಮ್ಮ ಹಿರಿಯರಿಗೆ ಗೊತ್ತಿರುವುದು "ದರ್ದ್" ಒಂದೇ ಪದ. ದರ್ದ್ ಎಂದರೆ ದರ್ದಿನ ಮಾತ್ರೆಯೇ ಸಿಗುತ್ತದೆ. ಅವರ ತಪ್ಪೂ ಅಲ್ಲ. ಈ ಪದಗಳನ್ನು ಒಂದು ಚೀಟಿಯಲ್ಲಿ ಬರೆದುಕೊಡಿ:

ಮೀನಖಂಡ: ಪಿಂಡಲೀ
ಸೆಳೆತ: ನಸ್ ಚಢ್ ಜಾತೀ ಹೈ
ಜೋಮು: ಝುನ್‌ಝುನೀ
ಉರಿ: ಜಲನ್
ಮರಗಟ್ಟುವುದು: ಸುನ್ನ್
ಬಾವು: ಸೂಜನ್
ಚಡಪಡಿಕೆ: ಬೇಚೈನೀ, ಹಿಲಾನೇ ಸೇ ಆರಾಮ್

ಯಾವ ಹೊತ್ತಿಗೆ ಬರುತ್ತದೆ, ನಡೆದರೆ ಹೆಚ್ಚೋ ಕಡಿಮೆಯೋ, ಯಾವ ಯಾವ ಮಾತ್ರೆ ನುಂಗುತ್ತಿದ್ದಾರೆ ಎನ್ನುವುದನ್ನೂ ಬರೆಯಿರಿ. ಊರಿಂದ ತಂದ ಮಾತ್ರೆಗಳ ಪಟ್ಟಿಯನ್ನೇ ಕೈಯಲ್ಲಿ ಹಿಡಿದು ಹೋಗಿ. ರಾಮನಗರದಲ್ಲೇ ಲಾಲ್ ಬಹಾದ್ದೂರ್ ಶಾಸ್ತ್ರಿ ಸರಕಾರಿ ಆಸ್ಪತ್ರೆ ಇದೆ. ದೊಡ್ಡ ಪರೀಕ್ಷೆ ಬೇಕಾದರೆ ಸಾಮ್ನೇ ಘಾಟ್ ಸೇತುವೆ ದಾಟಿದರೆ ಬಿ.ಎಚ್.ಯು.ನ ಸರ್ ಸುಂದರಲಾಲ್ ಆಸ್ಪತ್ರೆ.

ಚಡಪಡಿಕೆ ಇದ್ದರೆ ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ ಪರೀಕ್ಷೆಯನ್ನೂ ಕೇಳಿ. ಹಿಮೋಗ್ಲೋಬಿನ್ ಸರಿಯಿದ್ದೂ ಸಂಗ್ರಹದ ಕಬ್ಬಿಣ ಖಾಲಿಯಾಗಿರಬಹುದು. ಲ್ಯಾಬಿನ ಕಾಗದದಲ್ಲಿ ನಾರ್ಮಲ್ ಎಂದಿದ್ದರೂ, ಈ ತೊಂದರೆ ಇರುವವರಿಗೆ ಫೆರಿಟಿನ್ 75ಕ್ಕಿಂತ ಕೆಳಗಿದ್ದರೆ ಕಬ್ಬಿಣ ಕೊಡುವ ಬಗ್ಗೆ ವೈದ್ಯರು ಯೋಚಿಸುತ್ತಾರೆ. ಕೇಳದೆ ನೀವೇ ಶುರುಮಾಡಬೇಡಿ. ಕಬ್ಬಿಣ ಯಾಕೆ ಕಡಿಮೆಯಾಯಿತು ಎಂಬ ಪ್ರಶ್ನೆ ಮಾತ್ರೆಯಷ್ಟೇ ಮುಖ್ಯ.

*ಮನೆಯಲ್ಲಿ ಏನು ಮಾಡಬಹುದು*

ಸೆಳೆತ ಬಂದಾಗ ಮಂಡಿ ನೇರ ಮಾಡಿ, ಕಾಲ್ಬೆರಳುಗಳನ್ನು ಮುಖದ ಕಡೆಗೆ ಎಳೆದು ಹಿಡಿಯಿರಿ.

ಮಲಗುವ ಮುಂಚೆ ಗೋಡೆಗೆ ಅಂಗೈ ಊರಿ, ಹಿಮ್ಮಡಿ ನೆಲದಿಂದ ಏಳದಂತೆ ಮುಂದಕ್ಕೆ ಬಾಗಿ. 10 ಸೆಕೆಂಡು ಹಿಡಿದು ಬಿಡಿ, ಮೂರು ಸಲ. ನೆದರ್ಲೆಂಡ್ಸಿನಲ್ಲಿ 55 ದಾಟಿದವರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೀನಖಂಡವನ್ನೂ ತೊಡೆಯ ಹಿಂಭಾಗವನ್ನೂ ಹೀಗೆ ಆರು ವಾರ ಹಿಗ್ಗಿಸಿದವರಿಗೆ ಸೆಳೆತ ಕಡಿಮೆಯಾಯಿತು. ಖರ್ಚಿಲ್ಲ, ಅಡ್ಡ ಪರಿಣಾಮವಿಲ್ಲ.

ಚಡಪಡಿಕೆಯವರು ಸಂಜೆಯ ಮೇಲೆ ಚಹಾ, ಕಾಫಿ ಬಿಟ್ಟು ನೋಡಿ. ಊಟದ ಜೊತೆ ಕುಡಿದ ಚಹಾ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತದೆ. ಬದಲಿಗೆ ಸೊಪ್ಪು, ಬೇಳೆಗೆ ನಿಂಬೆಹಣ್ಣು ಹಿಂಡಿಕೊಳ್ಳಿ. ನಿದ್ದೆ ಬರಿಸುವ ನೆಗಡಿ, ಅಲರ್ಜಿ ಮಾತ್ರೆಗಳು ಈ ಚಡಪಡಿಕೆಯನ್ನು ಹೆಚ್ಚಿಸಬಹುದು.

ಎಳ್ಳೆಣ್ಣೆ ತಿಕ್ಕಿ, ಬೇಡ ಎನ್ನುವುದಿಲ್ಲ. ತಿಕ್ಕುವ ಕೈಯ ಪ್ರೀತಿಗೂ ಬೆಲೆಯಿದೆ. ಆದರೆ ಪೌಷ, ಮಾಘದ ಚಳಿಯಲ್ಲಿ ಸಕ್ಕರೆ ಕಾಯಿಲೆಯವರ ಕಾಲಿಗೆ ಬಿಸಿನೀರಿನ ಚೀಲ ಇಡಬೇಡಿ. ಮರಗಟ್ಟಿದ ಪಾದ ಸುಟ್ಟರೂ ಗೊತ್ತಾಗುವುದಿಲ್ಲ.

ಹಾಸಿಗೆ ಕೆಳಗೆ ಸೋಪು ಇಡಿ ಎಂಬ ಮೆಸೇಜು ನಿಮಗೂ ಬಂದಿರುತ್ತದೆ. ಅದರಿಂದ ಹಾಸಿಗೆಗೆ ಪರಿಮಳ ಬರುತ್ತದೆ, ಅಷ್ಟೇ. ಮೆಗ್ನೀಸಿಯಂ ಮಾತ್ರೆಯಿಂದ ಹಿರಿಯರ ಸೆಳೆತಕ್ಕೆ ಹೆಚ್ಚಿನ ಪ್ರಯೋಜನ ಕಂಡಿಲ್ಲ. ಮಲೇರಿಯಾದ ಕ್ವಿನೈನ್ ಅನ್ನು ಕೆಲವರು ಸೆಳೆತಕ್ಕೆ ಹೇಳುತ್ತಾರೆ. ಅದು ರಕ್ತಕ್ಕೆ, ಹೃದಯಕ್ಕೆ ಅಪಾಯ ಎಂದು ಅಮೆರಿಕದ ಎಫ್‌ಡಿಎ ಎಚ್ಚರಿಸಿದೆ. ಮುಟ್ಟಬೇಡಿ.

*ಕಾಯಬಾರದ ಹೊತ್ತು*

ಒಂದೇ ಕಾಲು ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ರಕ್ತ ಹೆಪ್ಪುಗಟ್ಟಿರಬಹುದು. ಮುಖ್ಯವಾಗಿ ದೂರದ ಪ್ರಯಾಣದ ನಂತರ. ಬೆಂಗಳೂರಿಂದ ಸಂಘಮಿತ್ರ ಎಕ್ಸ್‌ಪ್ರೆಸ್‌ನಲ್ಲಿ ಮೊಘಲ್‌ಸರಾಯ್‌ಗೆ ಬಂದು ಇಳಿಯುವವರು ಎರಡು ರಾತ್ರಿ ಕೂತೇ ಇರಬೇಡಿ. ಆಗಾಗ ಎದ್ದು ನಡೆಯಿರಿ, ನೀರು ಕುಡಿಯಿರಿ, ಆ ಕಾಲನ್ನು ತಿಕ್ಕಬೇಡಿ. ಜೊತೆಗೆ ಉಸಿರು ಕಟ್ಟಿದರೆ, ಅಥವಾ ಕಾಲು ತಟ್ಟನೆ ತಣ್ಣಗಾಗಿ ಬಿಳುಚಿಕೊಂಡರೆ ಒಂದು ಗಂಟೆಯೂ ತಡ ಮಾಡಬೇಡಿ. 108ಕ್ಕೆ ಫೋನ್ ಮಾಡಿ.

ಕೊನೆಗೆ ಒಂದು ಮಾತು. ನಮ್ಮ ರಾಮನಗರದಲ್ಲಿ ಅನಂತ ಚತುರ್ದಶಿಯಿಂದ ಒಂದು ತಿಂಗಳು ರಾಮಲೀಲಾ ನಡೆಯುತ್ತದೆ. ಅಯೋಧ್ಯೆ ಒಂದು ಕಡೆ, ಲಂಕೆ ಇನ್ನೊಂದು ಕಡೆ, ನೋಡುವವರೂ ಜೊತೆಯಲ್ಲೇ ನಡೆಯಬೇಕು. ಈ ವರ್ಷ ಅತ್ತೆ ನಾಲ್ಕು ರಾತ್ರಿ ನಡೆದರು. ಮನೆಗೆ ಬಂದು ಬೆಳಗಿನವರೆಗೆ ಮಲಗಿದರು. ನಮಗೆ ಅಷ್ಟು ಸಾಕು.

ಹಿರಿಯರು ತಾವಾಗಿ ಹೇಳುವುದಿಲ್ಲ. ಮಗನಿಗೆ ಭಾರವಾಗಬಾರದು ಎಂದು ಬಾಯಿ ಮುಚ್ಚಿಕೊಂಡಿರುತ್ತಾರೆ. ನಾಳೆ ಬೆಳಿಗ್ಗೆ ಕಾಫಿ ಕೊಡುವಾಗ ಕೇಳಿ: "ರಾತ್ರಿ ಎಷ್ಟು ಸಲ ಎದ್ರಿ?" ಊರಲ್ಲೇ ಇದ್ದರೆ ಫೋನಿನಲ್ಲಿ ಕೇಳಿ.

ಊರು ಬಿಟ್ಟು ದೂರ ಇರುವ ನಮ್ಮವರಿಗೆ ಇದನ್ನು ಕಳಿಸಿ. ಇದು ತಿಳಿವಳಿಕೆಗಾಗಿ, ವೈದ್ಯರ ಸಲಹೆಗೆ ಬದಲಿ ಅಲ್ಲ.