ಗುಜರಿಯ ರೋಬೋ ಮತ್ತು ಪೆಟ್ಟಿಗೆಯ ವಿಜ್ಞಾನ



ಕಡಬದಲ್ಲಿರುವ ನಮ್ಮ ನೆಂಟರ ಮನೆಯ ಒಂಬತ್ತನೆಯ ತರಗತಿಯ ಹುಡುಗ ‘ವಾಲ್-ಈ’ ಎಂಬ ಕಾರ್ಟೂನ್ ರೋಬೋವನ್ನು ಮನೆಯಲ್ಲೇ ಕಟ್ಟಲು ಹೊರಟಿದ್ದಾನೆ. ಕುಟುಂಬದಲ್ಲಿ ಎದ್ದ ಆಕ್ಷೇಪಗಳು ಎರಡು. “ಬರುವ ವರ್ಷ ಎಸ್ಸೆಸ್ಸೆಲ್ಸಿ, ಈಗ ಗೊಂಬೆಯಾಟವೇ?” ಎಂಬುದು ಒಂದು. “ಆನ್‌ಲೈನಿನಲ್ಲಿ ಕಿಟ್ ಸಿಗುವಾಗ ಗುಜರಿ ಯಾಕೆ?” ಎಂಬುದು ಇನ್ನೊಂದು. ಮೊದಲನೆಯದು ಹಳೆಯ ರೋಗ; ಮೂವತ್ತು ವರ್ಷ ಕೇಳಿ ಕಿವಿ ಗಟ್ಟಿಯಾಗಿದೆ. ನನ್ನ ತಕರಾರು ಎರಡನೆಯದರೊಡನೆ.

ಪಿಕ್ಸಾರ್ ಸಂಸ್ಥೆ 2008ರಲ್ಲಿ ತೆರೆಗೆ ತಂದ ಆ ಚಿತ್ರವನ್ನು ನೋಡದವರಿಗಾಗಿ ಎರಡು ಮಾತು. ಕಸದಲ್ಲಿ ಮುಳುಗಿದ ಭೂಮಿಯನ್ನು ಮನುಷ್ಯರು ಬಿಟ್ಟುಹೋಗಿದ್ದಾರೆ. ಉಳಿದ ಒಂಟಿ ಯಂತ್ರವೊಂದು ಕಸವನ್ನು ಒತ್ತಿ ಚೌಕದ ಮುದ್ದೆ ಮಾಡಿ ಪೇರಿಸುತ್ತದೆ. ತನ್ನ ಪಟ್ಟಿ ಸವೆದಾಗ ಕೆಟ್ಟು ನಿಂತ ಇನ್ನೊಂದು ರೋಬೋವಿನದನ್ನು ಕಳಚಿ ಹಾಕಿಕೊಳ್ಳುತ್ತದೆ. ಇಂಥದರ ಪ್ರತಿಕೃತಿಯನ್ನು ಥರ್ಮೊಕೋಲ್ ಸುತ್ತಿದ ಹೊಸ ಪೆಟ್ಟಿಗೆಯಲ್ಲಿ ತರಿಸಬೇಕೇ?

ಹುಡುಗನ ವಾಲ್-ಈಯ ಮೈ ಎಣ್ಣೆಯ ಚೌಕ ಡಬ್ಬ, ಒಳಗಿನ ಚೌಕಟ್ಟು ಅಡಿಕೆಮರದ ಸಲಾಕೆ. ಓಡಿಸಲು ಗುಜರಿ ಅಂಗಡಿಯಿಂದ ತಂದ ಎರಡು ವೈಪರ್ ಮೋಟಾರು, ಜೊತೆಗೆ ಬೈಕಿನ ಹಳೆಯ 12 ವೋಲ್ಟಿನ ಬ್ಯಾಟರಿ. ಆಟಿಕೆಯ ಮೋಟಾರು ವೇಗವಾಗಿ ತಿರುಗುತ್ತದೆ, ಎಳೆಯಲಾರದು. ವೈಪರ್ ಮೋಟಾರಿನೊಳಗಿನ ಹಲ್ಲುಚಕ್ರ ವೇಗವನ್ನು ತಗ್ಗಿಸಿ ಬಲವನ್ನು ಕೊಡುತ್ತದೆ. ಎರಡೂ ಮೋಟಾರು ಮುಂದಕ್ಕೆ ತಿರುಗಿದರೆ ನೇರ ನಡಿಗೆ. ಒಂದು ಹಿಂದಕ್ಕೆ ತಿರುಗಿದರೆ ನಿಂತಲ್ಲೇ ಸುತ್ತು. ಸ್ಟಿಯರಿಂಗ್ ಬೇಡ. ಉದ್ದ ಕತ್ತಿನ ಮೇಲೆ ಭಾರದ ಕಣ್ಣುಗಳು ಕೂತಿರುವುದರಿಂದ, ಹಠಾತ್ತನೆ ನಿಲ್ಲಿಸಿದಾಗ ಅದು ಮುಂದಕ್ಕೆ ಮುಗ್ಗರಿಸಿತು. ಬ್ಯಾಟರಿಯನ್ನು ಕೆಳಕ್ಕೆ, ಹಿಂಬದಿಗೆ ಸರಿಸಿದ ಮೇಲೆ ನೆಟ್ಟಗೆ ನಿಂತಿತು. ಜಡತ್ವ ಮತ್ತು ಗುರುತ್ವಕೇಂದ್ರದ ಪಾಠ ನಾನು ಕರಿಹಲಗೆಯ ಮೇಲೆ ಎಷ್ಟು ಸಲ ಮಾಡಿದ್ದೆನೋ! ಪಟ್ಟಿ ಸಿಕ್ಕಿಬಿದ್ದಾಗ ಮೋಟಾರು ಹಲವು ಪಟ್ಟು ವಿದ್ಯುತ್ ಎಳೆದು ತಂತಿ ಬಿಸಿಯಾಯಿತು. ಫ್ಯೂಸ್ ಏಕೆ ಬೇಕೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. (ಹಳೆಯ ಲ್ಯಾಪ್‌ಟಾಪಿನ ಲಿಥಿಯಂ ಸೆಲ್ಲುಗಳನ್ನು ಮಾತ್ರ ಮಕ್ಕಳು ಬಿಚ್ಚದಂತೆ ನೋಡಿಕೊಳ್ಳಿ, ಬೆಂಕಿ ಹತ್ತುತ್ತದೆ.)

ಕಿಟ್ಟಿನಲ್ಲಿ ಈ ಮುಗ್ಗರಿಸುವಿಕೆಯನ್ನೆಲ್ಲ ತಯಾರಕನೇ ಮುಗಿಸಿಬಿಟ್ಟಿರುತ್ತಾನೆ. ಮಗುವಿಗೆ ಉಳಿಯುವುದು ಸ್ಕ್ರೂ ತಿರುಗಿಸುವ ಕೆಲಸ. ಆದರೂ ಶಾಲಾ ಪ್ರದರ್ಶನಗಳಲ್ಲಿ ಬಹುಮಾನ ಅದಕ್ಕೇ, ಹೊಳೆಯುತ್ತದಲ್ಲ! ಕೇಂದ್ರ ಸರಕಾರ 2016ರಲ್ಲಿ ಆರಂಭಿಸಿದ ಅಟಲ್ ಇನ್ನೊವೇಶನ್ ಮಿಷನ್ನಿನಡಿ, 6ರಿಂದ 12ನೆಯ ತರಗತಿಯ ಮಕ್ಕಳು ಕೈಯಾರೆ ಮಾಡಿ ಕಲಿಯಲೆಂದು ಆಯ್ದ ಶಾಲೆಗಳಿಗೆ ತಲಾ 20 ಲಕ್ಷ ರೂಪಾಯಿಯವರೆಗೆ ನೆರವು ದೊರೆಯಿತು. ನಾನು ಕಂಡ ಶಾಲೆಯೊಂದರಲ್ಲಿ, ಹೆಸರು ಬೇಡ, ಆ ಸಲಕರಣೆಗಳು ಗಾಜಿನ ಕಪಾಟಿನಲ್ಲಿ ಭದ್ರವಾಗಿವೆ. “ಮಕ್ಕಳು ಹಾಳುಮಾಡುತ್ತಾರೆ” ಎಂದರು. ಹಾಳುಮಾಡಲೆಂದೇ ಅಲ್ಲವೇ ಕೊಟ್ಟದ್ದು?

ಗುಜರಿಯನ್ನು ಹಳಿಯುವವರು ನಮ್ಮ ಸೀಮೆಯನ್ನು ಮರೆತಿದ್ದಾರೆ. ಮಕ್ಕಳಿಗಾಗಿ ‘ಬಾಲಪ್ರಪಂಚ’ ಬರೆದ ಶಿವರಾಮ ಕಾರಂತರು ಬಾಳಿದ ಊರು ಪುತ್ತೂರು. ರೈತರೇ ಲೇಖನಿ ಹಿಡಿದ ‘ಅಡಿಕೆ ಪತ್ರಿಕೆ’ 1988ರಲ್ಲಿ ಹುಟ್ಟಿದ್ದೂ ಇಲ್ಲಿಯೇ. ಬಂಟ್ವಾಳ ತಾಲೂಕು ಸಜಿಪಮೂಡದ ಕೃಷಿಕ ಗಣಪತಿ ಭಟ್ಟರ ಅಡಿಕೆಮರ ಏರುವ ಬೈಕು 2019ರಲ್ಲಿ ದೇಶದ ಗಮನವನ್ನೇ ಸೆಳೆಯಿತು. ಅದು ಯಾವ ಕಿಟ್ಟಿನಲ್ಲಿ ಬಂದಿತ್ತು? “ಅದು ಉಪಯೋಗದ ಯಂತ್ರ, ಇದು ಆಟಿಕೆ” ಎನ್ನುವಿರಾದರೆ, ಸುಳ್ಯದ ಯಾವುದಾದರೂ ತೋಟದಲ್ಲಿ ಸುಲಿಯುವ ಯಂತ್ರ ಕೆಟ್ಟ ದಿನ ಈ ಹುಡುಗನನ್ನೂ ಕಿಟ್ಟಿನ ಹುಡುಗನನ್ನೂ ಒಟ್ಟಿಗೆ ಕರೆದು ನೋಡಿ. ಸ್ಪಾನರನ್ನು ಯಾರು ಕೇಳುತ್ತಾರೆ, ಕಸ್ಟಮರ್ ಕೇರಿನ ನಂಬರನ್ನು ಯಾರು ಕೇಳುತ್ತಾರೆ?

ಸದ್ಯಕ್ಕೆ ಅವನಲ್ಲಿ ಕತ್ತು ತಿರುಗಿಸುವ ಮೋಟಾರು ಇಲ್ಲ. ಕೆಟ್ಟ ಪ್ರಿಂಟರಿನೊಳಗೆ ಅಂಥದು ಸಿಗುತ್ತದೆ. ಯಾರ ಅಟ್ಟದಲ್ಲಾದರೂ ಒಂದಿದ್ದರೆ ಎಸೆಯಬೇಡಿ, ನನಗೆ ತಿಳಿಸಿ. ಪುತ್ತೂರು ಪೇಟೆಗೆ ಬಂದಾಗ ನಾನೇ ಒಯ್ಯುತ್ತೇನೆ.